ನಮ್ಮ ಗುಂಡಿಯ ಲೆಕ್ಕ, ದೇಶದ ಲೆಕ್ಕ

(ವಿಶ್ವ ಶೌಚಾಲಯ ದಿನದ ಅಂಗವಾಗಿ ಕೊಲ್ಲಮೊಗ್ರಿನಲ್ಲಿ ಸೇರಿದ್ದ ಸ್ವಸಹಾಯ ಸಂಘಗಳ ಸಭೆಯಲ್ಲಿ ನಮ್ಮ ಸಂಸ್ಥೆಯ ಸಿಸ್ಟರ್ ಒಬ್ಬರು ಮಾಡಿದ ಭಾಷಣದ ಬರಹ ರೂಪ)



ನವೆಂಬರ್ 19ನ್ನು ವಿಶ್ವ ಶೌಚಾಲಯ ದಿನ ಎಂದು ವಿಶ್ವಸಂಸ್ಥೆ 2013ರಲ್ಲಿ ಘೋಷಿಸಿತು. ಕಕ್ಕಸಿಗೂ ಒಂದು ದಿನವೇ ಅಂತ ಕೆಲವರು ನಗಬಹುದು. ನಗಲಿ, ತೊಂದರೆ ಇಲ್ಲ. ನಮ್ಮ ಅಜ್ಜಿಯಂದಿರು ಬೆಳಗಾಗುವ ಮೊದಲು ಗುಡ್ಡೆಗೆ ಹೋಗಿ ಬರಬೇಕಿತ್ತು, ಇಲ್ಲವಾದರೆ ಕತ್ತಲಾಗುವವರೆಗೆ ತಡೆದುಕೊಳ್ಳಬೇಕಿತ್ತು. ಆ ಕಷ್ಟ ಗೊತ್ತಿದ್ದವರು ನಗಲಾರರು. ಇವತ್ತು ನಾನು ಕಕ್ಕಸು ಕಟ್ಟಿಸಿರಿ ಅಂತ ಹೇಳಲು ಬಂದವಳಲ್ಲ. ನಿಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಅದು ಆಗಲೇ ಇದೆ. ನಾನು ಮಾತಾಡಬೇಕೆಂದಿರುವುದು ಲೆಕ್ಕದ ಬಗ್ಗೆ. ನಮ್ಮ ದೇಶ ಶೌಚಾಲಯವನ್ನು ಹೇಗೆ ಎಣಿಸುತ್ತದೆ, ಆ ಎಣಿಕೆಯಲ್ಲಿ ಏನು ಬಿಟ್ಟುಹೋಗಿದೆ, ಬಿಟ್ಟುಹೋದದ್ದನ್ನು ಕೊಲ್ಲಮೊಗ್ರಿನಲ್ಲಿ ನಾವೇ ಹೇಗೆ ಎಣಿಸಬಹುದು ಎಂಬ ಮೂರು ವಿಷಯಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಎಷ್ಟು ಕಟ್ಟಿದೆವು?

ಗ್ರಾಮೀಣ ನೈರ್ಮಲ್ಯಕ್ಕೆಂದು ಕೇಂದ್ರ ಸರ್ಕಾರ ಮೊದಲ ಕಾರ್ಯಕ್ರಮ ಹಾಕಿಕೊಂಡದ್ದು 1986ರಲ್ಲಿ. 1999ರಲ್ಲಿ ಅದು ಸಂಪೂರ್ಣ ಸ್ವಚ್ಛತಾ ಆಂದೋಲನ ಆಯಿತು. ನಿರ್ಮಲ ಗ್ರಾಮ ಪುರಸ್ಕಾರದ ಫಲಕಗಳನ್ನು ನಮ್ಮ ಜಿಲ್ಲೆಯ ಪಂಚಾಯತ್ ಕಚೇರಿಗಳಲ್ಲಿ ನೀವು ನೋಡಿರಬಹುದು, ಅವು ಆ ಕಾಲದ್ದು. 2012ರಲ್ಲಿ ನಿರ್ಮಲ ಭಾರತ ಅಭಿಯಾನ ಬಂತು. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ್ ಮಿಷನ್ ಪ್ರಾರಂಭವಾಯಿತು.

2011ರ ಜನಗಣತಿಯ ಪ್ರಕಾರ ದೇಶದ ಹಳ್ಳಿಗಳಲ್ಲಿ 100 ಮನೆಗಳಿಗೆ ಸುಮಾರು 31 ಮನೆಗಳ ಆವರಣದಲ್ಲಿ ಮಾತ್ರ ಕಕ್ಕಸು ಇತ್ತು. ಮಿಷನ್ ಬಂದ ಮೇಲೆ ಒಂದು ಮನೆಗೆ 12,000 ರೂಪಾಯಿಯ ಪ್ರೋತ್ಸಾಹ ಧನ ಕೊಟ್ಟು, 5 ವರ್ಷಗಳಲ್ಲಿ 10 ಕೋಟಿಗೂ ಹೆಚ್ಚು ಕಕ್ಕಸು ಕಟ್ಟಿದ್ದೇವೆ ಎಂದು ಸರ್ಕಾರ ಲೆಕ್ಕ ಕೊಟ್ಟಿತು. 2019ರ ಅಕ್ಟೋಬರ್ 2ರಂದು, ಗಾಂಧೀಜಿಯವರ 150ನೆಯ ಜನ್ಮದಿನದಂದು, ಗ್ರಾಮೀಣ ಭಾರತ ಬಯಲು ಬಹಿರ್ದೆಸೆ ಮುಕ್ತ ಎಂದು ಪ್ರಧಾನಿಯವರು ಘೋಷಿಸಿದರು.

ಇದು ದೊಡ್ಡ ಕೆಲಸ. ಇದನ್ನು ಹಗುರವಾಗಿ ತಳ್ಳಿಹಾಕಬಾರದು. ಹೆಣ್ಣುಮಕ್ಕಳ ಮರ್ಯಾದೆ ಉಳಿಯಿತು, ಶಾಲೆಗೆ ಹೋಗುವ ಹುಡುಗಿಯರಿಗೆ ಅನುಕೂಲ ಆಯಿತು, ಮುದುಕರಿಗೆ ರಾತ್ರಿ ಜಾರಿ ಬೀಳುವ ಭಯ ತಪ್ಪಿತು.

ಆದರೆ ಅದೇ ಸಮಯದಲ್ಲಿ ಬೇರೆ ಲೆಕ್ಕಗಳೂ ಬಂದವು. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 2018ರ ಜುಲೈಯಿಂದ ಡಿಸೆಂಬರ್‌ವರೆಗೆ ಮನೆಮನೆಗೆ ಹೋಗಿ ಕೇಳಿದಾಗ, ಹಳ್ಳಿಗಳಲ್ಲಿ 100ಕ್ಕೆ ಸುಮಾರು 71 ಮನೆಯವರು ಮಾತ್ರ ಕಕ್ಕಸಿನ ಸೌಲಭ್ಯ ಇದೆ ಅಂದರು. ಆ ಹೊತ್ತಿಗೆ ಸರ್ಕಾರದ ಲೆಕ್ಕ 90ನ್ನು ದಾಟಿತ್ತು. 'ಇಲ್ಲ ಅಂದರೆ ಏನಾದರೂ ಸಿಗಬಹುದು ಎಂದು ಕೆಲವರು ಇದ್ದರೂ ಇಲ್ಲ ಅಂದಿರಬಹುದು' ಎಂಬ ಸಮಜಾಯಿಷಿಯೂ ಬಂತು. ಅದರಲ್ಲೂ ಸ್ವಲ್ಪ ಸತ್ಯ ಇರಬಹುದು. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹಳ್ಳಿ ಪಟ್ಟಣ ಎರಡೂ ಸೇರಿ 100ಕ್ಕೆ 19 ಮನೆಗಳವರು ಯಾವ ಕಕ್ಕಸನ್ನೂ ಬಳಸುವುದಿಲ್ಲ ಎಂದು ಕಂಡುಬಂತು. ಅದಕ್ಕಿಂತ 4-5 ವರ್ಷ ಹಿಂದೆ ಇದು 39 ಇತ್ತು. ಅಂದರೆ ಸುಧಾರಣೆ ನಿಜ. ಆದರೆ ಪೂರ್ತಿ 100 ಅಂಕ ಅಲ್ಲ.

ಯಾರೋ ಸುಳ್ಳು ಹೇಳಿದ್ದಾರೆ ಎಂದು ತೀರ್ಮಾನಿಸುವ ಮೊದಲು ಒಂದು ವಿಷಯ ಗಮನಿಸಿ. ಒಬ್ಬರು ಕೇಳಿದ್ದು 'ಕಟ್ಟಿದ್ದು ಎಷ್ಟು?' ಅಂತ. ಇನ್ನೊಬ್ಬರು ಕೇಳಿದ್ದು 'ನಿಮಗೆ ಇದೆಯೇ?' ಅಂತ. ಮತ್ತೊಬ್ಬರು ಕೇಳಿದ್ದು 'ಬಳಸುತ್ತೀರಾ?' ಅಂತ. ಪ್ರಶ್ನೆ ಬೇರೆಯಾದರೆ ಉತ್ತರವೂ ಬೇರೆಯಾಗುತ್ತದೆ. ನೀತಿ ಆಯೋಗವು 2020-21ರಲ್ಲಿ ರಾಜ್ಯಗಳಿಗೆ ಅಂಕ ಕೊಡುವಾಗ, ಗುರಿಯಲ್ಲಿ ಎಷ್ಟು ಕಕ್ಕಸು ಕಟ್ಟಿದ್ದೀರಿ ಎಂಬುದನ್ನೂ ಒಂದು ಅಳತೆಯಾಗಿ ಇಟ್ಟುಕೊಂಡಿತ್ತು. ಕಟ್ಟಿದ್ದಕ್ಕೆ ಅಂಕ ಸಿಕ್ಕಿತು. ಕಟ್ಟಿದ ಮೇಲೆ ಏನಾಯಿತು ಎಂಬುದಕ್ಕೆ ಆ ಕಾಲಮ್ಮಿನಲ್ಲಿ ಜಾಗ ಇರಲಿಲ್ಲ.

'ಸುರಕ್ಷಿತ' ಅಂದರೆ ಏನು?

2015ರಲ್ಲಿ ವಿಶ್ವಸಂಸ್ಥೆಯ ಎಲ್ಲ ಸದಸ್ಯ ದೇಶಗಳು ಸೇರಿ 2030ರೊಳಗೆ ಮುಟ್ಟಬೇಕಾದ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಪ್ಪಿಕೊಂಡವು. ಆರನೆಯದು ನೀರು ಮತ್ತು ನೈರ್ಮಲ್ಯದ್ದು. ಅದರೊಳಗೆ ಎರಡು ಮಾತುಗಳನ್ನು ನಾವು ನೆನಪಿಡಬೇಕು. ಒಂದು, ಎಲ್ಲರಿಗೂ ಸುರಕ್ಷಿತ ಶೌಚ ವ್ಯವಸ್ಥೆ. ಇನ್ನೊಂದು, ಶುದ್ಧೀಕರಿಸದೆ ಬಿಡುವ ಕೊಳಚೆ ನೀರಿನ ಪಾಲನ್ನು ಅರ್ಧಕ್ಕೆ ಇಳಿಸುವುದು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಜೊತೆಯಾಗಿ 1990ರಿಂದ ಎಲ್ಲ ದೇಶಗಳ ಲೆಕ್ಕ ಇಡುತ್ತಾ ಬಂದಿವೆ. ಅವರ ಪ್ರಕಾರ ಒಂದು ಮನೆಯ ಕಕ್ಕಸು 'ಸುರಕ್ಷಿತ' ಆಗಬೇಕಾದರೆ ಮೊದಲನೆಯದಾಗಿ ಅದು ಮಲವನ್ನು ಮನುಷ್ಯರ ಸಂಪರ್ಕಕ್ಕೆ ಬಾರದ ಹಾಗೆ ಬೇರೆ ಮಾಡಬೇಕು. ಎರಡನೆಯದು, ಬೇರೆ ಮನೆಯವರ ಜೊತೆ ಹಂಚಿಕೊಂಡದ್ದು ಆಗಿರಬಾರದು. ಮೂರನೆಯದೇ ಕಷ್ಟದ್ದು. ಮಲ ಒಂದೋ ಅಲ್ಲೇ ಗುಂಡಿಯಲ್ಲಿ ಸುರಕ್ಷಿತವಾಗಿ ಉಳಿದು ಮಣ್ಣಾಗಬೇಕು, ಅಥವಾ ಅದನ್ನು ತೆಗೆದು ಬೇರೆಡೆ ಕೊಂಡುಹೋಗಿ ಶುದ್ಧೀಕರಿಸಬೇಕು, ಅಥವಾ ಒಳಚರಂಡಿಯಲ್ಲಿ ಹರಿದು ಶುದ್ಧೀಕರಣ ಘಟಕಕ್ಕೆ ಸೇರಬೇಕು.

ಈ ಅಳತೆ ಹಿಡಿದು ನೋಡಿದರೆ 2024ರಲ್ಲಿಯೂ ಪ್ರಪಂಚದ 340 ಕೋಟಿ ಜನರಿಗೆ ಸುರಕ್ಷಿತ ಶೌಚ ವ್ಯವಸ್ಥೆ ಇರಲಿಲ್ಲ. ಮನೆಗಳಿಂದ ಹೊರಡುವ ಕೊಳಚೆ ನೀರಿನಲ್ಲಿ 2022ರಲ್ಲಿ 100ಕ್ಕೆ ಸುಮಾರು 42 ಪಾಲು ಸರಿಯಾಗಿ ಶುದ್ಧವಾಗದೆ ಹೊಳೆ, ಕೆರೆ, ಸಮುದ್ರ ಸೇರಿತು.

ಇದು ಬಡ ಹಳ್ಳಿಗಳ ಸಮಸ್ಯೆ ಅಂತ ಪೇಟೆಯವರು ಭಾವಿಸುವುದುಂಟು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಕೊಟ್ಟ ಲೆಕ್ಕ ಕೇಳಿ. ದೇಶದ ಪೇಟೆ ಪಟ್ಟಣಗಳಿಂದ ದಿನಕ್ಕೆ 7,236 ಕೋಟಿ ಲೀಟರ್ ಕೊಳಚೆ ನೀರು ಹೊರಡುತ್ತದೆ. ಅದನ್ನು ಶುದ್ಧ ಮಾಡಲು ಸ್ಥಾಪಿಸಿದ ಘಟಕಗಳ ಸಾಮರ್ಥ್ಯ 3,184 ಕೋಟಿ ಲೀಟರ್. ನಿಜವಾಗಿ ಶುದ್ಧ ಆಗುತ್ತಿದ್ದದ್ದು 2,023 ಕೋಟಿ ಲೀಟರ್. ಅಂದರೆ 100 ಕೊಡಪಾನದಲ್ಲಿ 28 ಕೊಡಪಾನ ಮಾತ್ರ. ಇಲ್ಲಿಯೂ ಹಾಗೆಯೇ, ಘಟಕ ಕಟ್ಟಿದ ಲೆಕ್ಕ ಒಂದು, ಘಟಕ ನಡೆಯುವ ಲೆಕ್ಕ ಇನ್ನೊಂದು.

ನಮ್ಮ ನೆಲ, ನಮ್ಮ ಮಳೆ

ಈಗ ಕೊಲ್ಲಮೊಗ್ರಿಗೆ ಬರೋಣ. ನಮ್ಮಲ್ಲಿ ಒಳಚರಂಡಿ ಇಲ್ಲ, ಬರುವುದೂ ಇಲ್ಲ. ಒಂದು ಮನೆ ಗುಡ್ಡೆಯ ಮೇಲೆ, ಇನ್ನೊಂದು ತೋಟದ ಕೆಳಗೆ, ಮಧ್ಯೆ ತೋಡು. ಇಂಥ ಊರಿಗೆ ಪೈಪು ಹಾಕುವುದು ಆಗುವ ಮಾತಲ್ಲ. ಹಾಗಾಗಿ ನಮ್ಮ ಶುದ್ಧೀಕರಣ ಘಟಕ ಯಾವುದು? ನಮ್ಮ ಮನೆಯ ಹಿಂದಿನ ಗುಂಡಿ. ಅದು ಕೆಲಸ ಮಾಡಿದರೆ ನಾವು ಸುರಕ್ಷಿತ. ಇಲ್ಲವಾದರೆ ಕಕ್ಕಸಿಗೆ ಟೈಲ್ಸ್ ಹಾಕಿದ್ದರೂ ನಾವು ಸುರಕ್ಷಿತರಲ್ಲ.

ಗುಂಡಿ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ತಿಳಿದುಕೊಳ್ಳೋಣ. ಗುಂಡಿಗೆ ಬಿದ್ದ ನೀರು ಸುತ್ತಲಿನ ಮಣ್ಣಿಗೆ ಇಂಗುತ್ತದೆ. ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಒಣ ಮಣ್ಣಿನ ದಪ್ಪ ಪದರ ಇದ್ದರೆ, ಆ ಮಣ್ಣು ಸೋಸುವ ಬಟ್ಟೆಯ ಹಾಗೆ ರೋಗಾಣುಗಳನ್ನು ಹಿಡಿದಿಡುತ್ತದೆ, ಅವು ಅಲ್ಲೇ ಸಾಯುತ್ತವೆ. ಆದರೆ ನಮ್ಮದು ಮುರಕಲ್ಲಿನ ನೆಲ. ಅದರೊಳಗೆ ತೂತು, ಬಿರುಕು ಹೆಚ್ಚು. ಮೇಲಿಂದ ಘಟ್ಟದ ಬುಡದ ಮಳೆ. ಜುಲೈ ತಿಂಗಳಲ್ಲಿ ನಿಮ್ಮ ಬಾವಿಯನ್ನು ಬಗ್ಗಿ ನೋಡಿ, ಎಷ್ಟೋ ಕಡೆ ನೀರು ಕೈಗೆ ಸಿಗುವಷ್ಟು ಮೇಲೆ ಬಂದಿರುತ್ತದೆ. ಬಾವಿಯಲ್ಲಿ ನೀರು ಮೇಲೆ ಬಂದಿದ್ದರೆ ಗುಂಡಿಯ ಸುತ್ತಲೂ ಬಂದಿರುತ್ತದೆ. ಆಗ ಸೋಸಲು ಒಣ ಮಣ್ಣು ಎಲ್ಲಿದೆ? ಗುಂಡಿಯ ನೀರೂ ಬಾವಿಯ ನೀರೂ ನೆಲದೊಳಗೆ ಒಂದೇ ಆಗುತ್ತದೆ.

ಮನೆ ಭೇಟಿಗೆ ಹೋದಾಗ ಒಬ್ಬರು ಅಜ್ಜಿ ಹೇಳಿದ ಮಾತು ಇದು: "ಸಿಸ್ಟರ್, ಕಕ್ಕಸು ಉಂಟು. ಆದರೆ ಮಳೆಗಾಲದಲ್ಲಿ ಅದು ಆಗುವುದಿಲ್ಲ. ನೀರು ಹಾಕಿದರೆ ಕೆಳಗೆ ಹೋಗುವುದೇ ಇಲ್ಲ." ಸಮೀಕ್ಷೆಯವರು ಬೇಸಗೆಯಲ್ಲಿ ಬಂದರೆ ಆ ಮನೆ 'ಇದೆ' ಎಂಬ ಕಾಲಮ್ಮಿಗೆ ಹೋಗುತ್ತದೆ. ಆಟಿ ತಿಂಗಳಲ್ಲಿ ಬಂದು ಕೇಳಿದರೆ ಬೇರೆ ಉತ್ತರ ಸಿಗುತ್ತದೆ.

ಇನ್ನೊಂದು ಮನೆಯ ಯಜಮಾನರು ಹೆಮ್ಮೆಯಿಂದ ಹೇಳಿದರು: "ನಾವು 20 ಅಡಿ ಆಳಕ್ಕೆ ರಿಂಗ್ ಇಳಿಸಿದ್ದೇವೆ. ಮಕ್ಕಳ ಕಾಲಕ್ಕೂ ತುಂಬುವುದಿಲ್ಲ." ಇದು ಅವರೊಬ್ಬರ ಮಾತಲ್ಲ, ಗುಂಡಿ ಆಳ ಆದಷ್ಟು ಒಳ್ಳೆಯದು ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಆದರೆ ಯೋಚಿಸಿ ನೋಡಿ. 6 ಜನ ದಿನಾ ಬಳಸುವ ಗುಂಡಿ 15 ವರ್ಷವಾದರೂ ತುಂಬುವುದಿಲ್ಲ ಅಂದರೆ ಅದರಲ್ಲಿದ್ದದ್ದರಲ್ಲಿ ಒಂದು ಪಾಲು ಕೆಳಗಿನ ಒರತೆಯ ಜೊತೆ ಹೊರಟುಹೋಗುತ್ತಿದೆ ಎಂಬ ಸಂಶಯ ಬರಬೇಕು. ಆ ಒರತೆ ಯಾರ ಬಾವಿಗೆ ಹೋಗುತ್ತದೆ?

ಸರ್ಕಾರದ ಕೈಪಿಡಿಗಳಲ್ಲಿ ಅವಳಿ ಗುಂಡಿ ಹೇಳಿದ್ದು ಇದಕ್ಕಾಗಿಯೇ. ಸುಮಾರು ಒಂದು ಮೀಟರ್ ಅಗಲ, ಅಷ್ಟೇ ಅಥವಾ ಸ್ವಲ್ಪ ಹೆಚ್ಚು ಆಳದ ಎರಡು ಗುಂಡಿ. ಒಂದು ತುಂಬಿದರೆ ಅದನ್ನು ಮುಚ್ಚಿ ನೀರನ್ನು ಇನ್ನೊಂದಕ್ಕೆ ತಿರುಗಿಸಬೇಕು. ಮುಚ್ಚಿದ ಗುಂಡಿಯನ್ನು ಒಂದೂವರೆ ಎರಡು ವರ್ಷ ಮುಟ್ಟಬಾರದು. ಆಮೇಲೆ ತೆಗೆದರೆ ವಾಸನೆ ಇಲ್ಲದ, ಕಪ್ಪಗಿನ, ಹುಡಿಹುಡಿಯಾದ ಗೊಬ್ಬರ ಸಿಗುತ್ತದೆ. ತೆಂಗಿಗೆ, ಅಡಿಕೆಗೆ ಹಾಕಬಹುದು. ಆದರೆ ಎರಡನೆಯ ಗುಂಡಿಗೆ ಜಾಗ ಇಲ್ಲ, ದುಡ್ಡು ಇಲ್ಲ ಎಂದು ಒಂದೇ ಗುಂಡಿಗೆ ನಿಲ್ಲಿಸಿದವರು ಎಷ್ಟು ಜನ? ಎರಡೂ ಗುಂಡಿ ಇದ್ದು ಎರಡಕ್ಕೂ ಒಟ್ಟಿಗೆ ನೀರು ಬಿಟ್ಟವರು ಎಷ್ಟು ಜನ? ಎರಡಕ್ಕೂ ಒಟ್ಟಿಗೆ ಬಿಟ್ಟರೆ ಎರಡೂ ಒಟ್ಟಿಗೆ ತುಂಬುತ್ತವೆ, ಒಂದಕ್ಕೂ ವಿಶ್ರಾಂತಿ ಇಲ್ಲ.

ಬಾವಿಗೂ ಗುಂಡಿಗೂ ಕನಿಷ್ಠ 10 ಮೀಟರ್ ದೂರ ಇರಬೇಕು ಎನ್ನುತ್ತಾರೆ. ನಮ್ಮಂಥ ಬಿರುಕಿನ ನೆಲದಲ್ಲಿ ಅದಕ್ಕಿಂತ ಹೆಚ್ಚು ಇದ್ದರೆ ಒಳ್ಳೆಯದು. ಗುಂಡಿ ಬಾವಿಗಿಂತ ಎತ್ತರದ ಜಾಗದಲ್ಲಿ ಇರಲೇಬಾರದು. ನಿಮ್ಮ ಬಾವಿಗೆ ನಿಮ್ಮ ಗುಂಡಿ ದೂರ ಇರಬಹುದು, ಆದರೆ ಮೇಲಿನ ಮನೆಯವರ ಗುಂಡಿ? ಇಲ್ಲಿ ನೆರೆಕರೆಯವರು ಕೂತು ಮಾತಾಡದೆ ಬೇರೆ ದಾರಿ ಇಲ್ಲ.

ನಮ್ಮ ನೀರು ಎಲ್ಲಿಗೆ ಹೋಗುತ್ತದೆ?

ನಮ್ಮ ತೋಡುಗಳು ಹೊಳೆ ಸೇರುತ್ತವೆ, ಹೊಳೆ ಹರಿಹರ ಪಳ್ಳತ್ತಡ್ಕದ ಕಡೆಗೆ ಇಳಿದು ಮುಂದೆ ಕುಮಾರಧಾರೆಗೆ ಸೇರುತ್ತದೆ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ನೇತ್ರಾವತಿಗೆ ಬಂಟ್ವಾಳದ ಹತ್ತಿರ ತುಂಬೆಯಲ್ಲಿ ಅಣೆಕಟ್ಟು ಇದೆ, ಮಂಗಳೂರು ಪೇಟೆ ಕುಡಿಯುವುದು ಆ ನೀರನ್ನು. ಅಲ್ಲಿ ಕೆಲಸಕ್ಕೆ, ಓದಿಗೆ ಹೋಗಿರುವ ನಿಮ್ಮ ಮಕ್ಕಳು ನಳ್ಳಿ ತಿರುಗಿಸಿದಾಗ ಬರುವ ನೀರಿನಲ್ಲಿ ಕೊಲ್ಲಮೊಗ್ರಿನ ಪಾಲೂ ಉಂಟು. ಪೇಟೆಯವರು ನೀರನ್ನು ಶುದ್ಧೀಕರಿಸಿ ಕುಡಿಯುತ್ತಾರೆ. ಆದರೆ ಹೊಳೆಗೆ ಇಳಿದು ಸ್ನಾನ ಮಾಡುವವರು, ಬಟ್ಟೆ ಒಗೆಯುವವರು, ದನಗಳಿಗೆ ನೀರು ಕುಡಿಸುವವರು ನಮ್ಮ ಕೆಳಗೆ ಎಷ್ಟೋ ಜನ ಇದ್ದಾರೆ.

2022ರ ಆಗಸ್ಟ್ ಮೊದಲ ವಾರ ನಿಮಗೆ ಮರೆತಿರಲಿಕ್ಕಿಲ್ಲ. ಕೊಲ್ಲಮೊಗ್ರು, ಕಲ್ಮಕಾರು, ಹರಿಹರ ಪಳ್ಳತ್ತಡ್ಕದ ಕಡೆ ಹೊಳೆ ಉಕ್ಕಿ ಹರಿಯಿತು, ಮನೆಗಳಿಗೆ, ತೋಟಗಳಿಗೆ ನೀರು ನುಗ್ಗಿತು. ರಸ್ತೆ ಹೋಯಿತು, ಸೇತುವೆ ಹಾಳಾಯಿತು ಎಂಬ ಲೆಕ್ಕವನ್ನು ಎಲ್ಲರೂ ಬರೆದುಕೊಂಡರು. ನೆರೆ ನೀರು ಕಕ್ಕಸಿನ ಗುಂಡಿಯ ಮೇಲೆ ಹರಿದಾಗ ಗುಂಡಿಯಲ್ಲಿದ್ದದ್ದು ಎಲ್ಲಿಗೆ ಹೋಯಿತು, ಎಷ್ಟು ಬಾವಿಗೆ ಇಳಿಯಿತು ಎಂಬುದೂ ಆ ನಷ್ಟದ ಲೆಕ್ಕದೊಳಗೆ ಸೇರಬೇಕಾದದ್ದೇ.

ಬಚ್ಚಲು ನೀರಿನ ಬಗ್ಗೆಯೂ ಒಂದು ಮಾತು. ಕೇಂದ್ರ ಸರ್ಕಾರ 2019ರಲ್ಲಿ ಶುರು ಮಾಡಿದ ಜಲ ಜೀವನ್ ಮಿಷನ್‌ನ ಅಳತೆ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು. 5 ಜನರ ಮನೆಗೆ 275 ಲೀಟರ್. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬಚ್ಚಲು, ಅಡುಗೆ ಮನೆ, ಬಟ್ಟೆ ಕಲ್ಲಿನಿಂದ ಹೊರಗೆ ಬರುತ್ತದೆ. ಹಿಂದೆ ಕೊಡಪಾನದಲ್ಲಿ ಸೇದಿ ತರುವಾಗ ನೀರು ಕಡಿಮೆ, ಹೊರಗೆ ಹೋಗುವುದೂ ಕಡಿಮೆ. ನಳ್ಳಿ ಬಂದ ಮೇಲೆ ಎರಡೂ ಹೆಚ್ಚು. ಈ ನೀರನ್ನು ಬಾಳೆಯ ಬುಡಕ್ಕೆ, ತೆಂಗಿನ ಬುಡಕ್ಕೆ ಬಿಡುವ ಪದ್ಧತಿ ನಮ್ಮಲ್ಲಿ ಮೊದಲಿನಿಂದ ಇದೆ, ಅದು ಒಳ್ಳೆಯ ಪದ್ಧತಿ. ಜಾಗ ಇಲ್ಲದವರು ಬಚ್ಚಲು ಗುಂಡಿ ಮಾಡಬೇಕು. ಇದನ್ನು ಮಾತ್ರ ಕಕ್ಕಸಿನ ಗುಂಡಿಗೆ ಬಿಡಬೇಡಿ. ಬಿಟ್ಟರೆ ಗುಂಡಿ ಬೇಗ ತುಂಬುತ್ತದೆ, ಸಾಬೂನಿನಿಂದ ಒಳಗಿನ ಕೊಳೆಯುವ ಕೆಲಸವೂ ಕೆಡುತ್ತದೆ. ರಬ್ಬರ್ ಶೀಟ್ ಮಾಡುವ ಮನೆಗಳವರು ಆಸಿಡ್ ಸೇರಿದ ನೀರನ್ನು ನೇರ ತೋಡಿಗೆ ಬಿಡುತ್ತಾರೆ. ಹಂದಿ ಗೂಡು, ಹಟ್ಟಿ ತೊಳೆದ ನೀರೂ ಹಾಗೆ. ಬೇಸಗೆಯಲ್ಲಿ ತೋಡಿನಲ್ಲಿ ನೀರು ಕಡಿಮೆ ಇರುವಾಗ ಇದರ ಪರಿಣಾಮ ಹೆಚ್ಚು. ಇದಕ್ಕೂ ಒಂದು ಗುಂಡಿ, ಸಾಧ್ಯ ಇದ್ದವರಿಗೆ ಹಟ್ಟಿಯ ನೀರಿಗೆ ಗೋಬರ್ ಗ್ಯಾಸ್, ಮಾಡಿಕೊಳ್ಳಬೇಕು.

ಗುಂಡಿಗೆ ಮನುಷ್ಯರನ್ನು ಇಳಿಸಬೇಡಿ

ಗುಂಡಿ ತುಂಬಿದರೆ ಏನು ಮಾಡುತ್ತೀರಿ ಎಂದು ಕೇಳಿದರೆ ಹಲವರು ಮುಖ ತಿರುಗಿಸುತ್ತಾರೆ. ಕೆಲವರು 'ಜನ ಸಿಗುತ್ತಾರೆ' ಅಂತ ಹೇಳುತ್ತಾರೆ. ಯಾವ ಜನ? ನಮ್ಮ ಸಮಾಜ ಯಾರನ್ನು ಈ ಕೆಲಸಕ್ಕೆ ಕರೆಯುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಗುಂಡಿಯೊಳಗೆ ಮೀಥೇನ್, ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲಗಳು ತುಂಬಿರುತ್ತವೆ. ಇಳಿದವನು ಒಂದೆರಡು ನಿಮಿಷದಲ್ಲಿ ಪ್ರಜ್ಞೆ ತಪ್ಪಿ ಬೀಳುತ್ತಾನೆ, ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ.

2013ರ ಕಾನೂನಿನ ಪ್ರಕಾರ ಸುರಕ್ಷೆಯ ಸಲಕರಣೆ ಇಲ್ಲದೆ ಸೆಪ್ಟಿಕ್ ಟ್ಯಾಂಕಿಗೆ, ಚರಂಡಿಗೆ ಯಾರನ್ನೂ ಇಳಿಸುವಂತಿಲ್ಲ. ಇದು ಪಂಚಾಯತಿಗೆ ಮಾತ್ರ ಅಲ್ಲ, ಮನೆ ಯಜಮಾನರಿಗೂ ಅನ್ವಯಿಸುತ್ತದೆ. ಮೊದಲ ಸಲದ ತಪ್ಪಿಗೇ 2 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಆದರೆ ಯಾವ ಪರಿಹಾರದಿಂದಲೂ ಹೋದ ಜೀವ ಬರುವುದಿಲ್ಲ.

ಹಾಗಾದರೆ ದಾರಿ ಏನು? ಸಕ್ಕಿಂಗ್ ಯಂತ್ರದ ಗಾಡಿ ಬೇಕು, ಅದು ತೆಗೆದದ್ದನ್ನು ಕೊಂಡುಹೋಗಿ ಹಾಕಲು ಸರಿಯಾದ ಘಟಕ ಬೇಕು. ಗಾಡಿ ಬಂದು ತುಂಬಿಸಿಕೊಂಡು ರಾತ್ರಿ ಕಾಡಿನ ಬದಿಯ ತೋಡಿಗೆ ಸುರಿದರೆ, ನಮ್ಮ ಅಂಗಳ ಚೊಕ್ಕ ಆಯಿತು, ಹೊಳೆ ಹಾಳಾಯಿತು ಅಷ್ಟೆ. ನಮ್ಮ ರಾಜ್ಯದ ದೇವನಹಳ್ಳಿಯಲ್ಲಿ 2015ರಿಂದ ಇಂಥ ಮಲತ್ಯಾಜ್ಯ ಸಂಸ್ಕರಣಾ ಘಟಕ ನಡೆಯಿತು. ದೇಶದಲ್ಲಿ ಒಂದು ಪಟ್ಟಣಕ್ಕೆಂದೇ ಮಾಡಿದ ಮೊದಲ ಘಟಕಗಳಲ್ಲಿ ಅದು ಒಂದು. ಹಳ್ಳಿಗಳಿಗೂ ಇದು ಆಗುತ್ತದೆ ಎಂದು ನಮ್ಮದೇ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನ ಉಜಿರೆ ತೋರಿಸಿತು. ಸುಳ್ಯ, ಕಡಬ, ಪುತ್ತೂರಿನ ಹಲವು ಪಂಚಾಯತ್‌ಗಳು ಸೇರಿ ಒಂದು ಗಾಡಿ, ಒಂದು ಘಟಕದ ವ್ಯವಸ್ಥೆಯನ್ನು ಕೇಳಬಹುದು. ಆದರೆ ಕೇಳುವಾಗ ಅಧಿಕಾರಿಗಳು ಮೊದಲು ಕೇಳುವ ಪ್ರಶ್ನೆ: "ನಿಮ್ಮಲ್ಲಿ ಗುಂಡಿ ಎಷ್ಟು? ವರ್ಷಕ್ಕೆ ಎಷ್ಟು ತುಂಬುತ್ತವೆ?" ನಮ್ಮ ಹತ್ತಿರ ಉತ್ತರ ಇಲ್ಲ.

ನಾವೇ ಬರೆಯುವ ಪುಸ್ತಕ

ಆದ್ದರಿಂದ ಪ್ರತಿ ಸಂಘಕ್ಕೂ ಇವತ್ತು ಒಂದೊಂದು ನೋಟ್ ಪುಸ್ತಕ ಕೊಡುತ್ತಿದ್ದೇವೆ. ಸದಸ್ಯೆಯರು ತಮ್ಮ ಮನೆ ಮತ್ತು ಅಕ್ಕಪಕ್ಕದ ಮನೆಗಳಲ್ಲಿ ಆರು ವಿಷಯ ಕೇಳಿ ಬರೆಯಬೇಕು.

1. ಮನೆಯವರದ್ದೇ ಆದ ಕಕ್ಕಸು ಇದೆಯೇ? ಮನೆಯ ಎಲ್ಲರೂ, ಮಳೆಗಾಲದಲ್ಲಿಯೂ ಅದನ್ನೇ ಬಳಸುತ್ತಾರೆಯೇ? ನಡೆಯಲಾಗದ ಹಿರಿಯರು, ಅಂಗವಿಕಲರು ಇದ್ದರೆ ಅವರಿಗೆ ಆಗುತ್ತದೆಯೇ?

2. ಕಕ್ಕಸಿನ ಕೆಳಗೆ ಏನಿದೆ? ಒಂದೇ ಗುಂಡಿಯೋ, ಅವಳಿ ಗುಂಡಿಯೋ, ಸೆಪ್ಟಿಕ್ ಟ್ಯಾಂಕೋ, ಗೋಬರ್ ಗ್ಯಾಸಿಗೆ ಸೇರಿಸಿದ್ದೋ? ಸೆಪ್ಟಿಕ್ ಟ್ಯಾಂಕ್ ಆದರೆ ಅದರಿಂದ ಹೊರಗೆ ಬರುವ ಪೈಪು ಇಂಗು ಗುಂಡಿಗೆ ಹೋಗುತ್ತದೆಯೋ ತೋಡಿಗೆ ಹೋಗುತ್ತದೆಯೋ?

3. ಹತ್ತಿರದ ಬಾವಿಗೆ ಎಷ್ಟು ಹೆಜ್ಜೆ ದೂರ? ಗುಂಡಿ ಬಾವಿಗಿಂತ ಮೇಲಿದೆಯೋ ಕೆಳಗಿದೆಯೋ?

4. ಗುಂಡಿ ಯಾವಾಗಲಾದರೂ ತುಂಬಿದೆಯೇ? ತುಂಬಿದಾಗ ಹೇಗೆ ತೆಗೆಸಿದಿರಿ, ತೆಗೆದದ್ದು ಎಲ್ಲಿಗೆ ಹೋಯಿತು?

5. ಬಚ್ಚಲು, ಅಡುಗೆ ಮನೆ, ಹಟ್ಟಿ, ರಬ್ಬರ್ ಶೀಟಿನ ನೀರು ಎಲ್ಲಿಗೆ ಹೋಗುತ್ತದೆ?

6. ಬಾವಿ ನೀರನ್ನು ಪರೀಕ್ಷೆ ಮಾಡಿದ್ದು ಯಾವಾಗ?

ಆರನೆಯದಕ್ಕೆ ದೊಡ್ಡ ಪ್ರಯೋಗಾಲಯ ಬೇಕೆಂದಿಲ್ಲ. ಸಣ್ಣ ಬಾಟಲಿಯ ಪರೀಕ್ಷೆ ಒಂದಿದೆ. ಬಾಟಲಿಗೆ ಗುರುತಿನವರೆಗೆ ನೀರು ತುಂಬಿಸಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ, ಮಲದ ಸೋಂಕು ಇರುವ ನೀರು ಕಪ್ಪಾಗುತ್ತದೆ. ಜಲ ಜೀವನ್ ಮಿಷನ್‌ನಲ್ಲಿ ಊರಿಗೆ ಐದು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕೆಂದು ಇತ್ತು. ತರಬೇತಿ ಆದವರು ಇಲ್ಲಿದ್ದರೆ ಮುಂದೆ ಬನ್ನಿ. ಮಾರ್ಚಿನಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ ಮಾಡಬೇಕು. ಎರಡು ಫಲಿತಾಂಶವನ್ನು ಪಕ್ಕಪಕ್ಕ ಇಟ್ಟರೆ ನಾನು ಇಷ್ಟು ಹೊತ್ತು ಹೇಳಿದ್ದು ನಿಮಗೆ ಕಣ್ಣಿಗೆ ಕಾಣುತ್ತದೆ. ಅಲ್ಲಿಯವರೆಗೆ ಕುಡಿಯುವ ನೀರನ್ನು ಚೆನ್ನಾಗಿ ಮರಳುವವರೆಗೆ ಕುದಿಸಿ. ಸೌದೆ ಚಂಡಿಯಾಗಿದೆ ಎಂದು ಉಗುರು ಬೆಚ್ಚಗೆ ಮಾಡಿ ಇಳಿಸಿದರೆ ಪ್ರಯೋಜನ ಇಲ್ಲ. ಟೈಫಾಯ್ಡ್, ಜಾಂಡಿಸ್, ಮಕ್ಕಳ ಭೇದಿ ಇವೆಲ್ಲ ಈ ದಾರಿಯಲ್ಲಿಯೇ ಬರುತ್ತವೆ.

ಈ ಪುಸ್ತಕದ ವಿಷಯ ಹೇಳಿದಾಗ ಒಬ್ಬ ಸದಸ್ಯರು ನನ್ನನ್ನು ಕೇಳಿದರು: "ಸಿಸ್ಟರ್, ಹೀಗೆ ಬರೆದುಕೊಂಡು ಹೋದರೆ ನಮ್ಮ ಊರಿನ ಹೆಸರು ಹಾಳಾಗುವುದಿಲ್ಲವಾ? ಬಯಲು ಬಹಿರ್ದೆಸೆ ಮುಕ್ತ ಅಂತ ಬೋರ್ಡು ಹಾಕಿ ಆಗಿದೆ." ಅವರ ಚಿಂತೆ ನನಗೆ ಅರ್ಥವಾಗುತ್ತದೆ. ಪಂಚಾಯತಿನವರು ಕಷ್ಟಪಟ್ಟು ಗಳಿಸಿದ ಹೆಸರು ಅದು. ಆದರೆ ಆ ಬೋರ್ಡು ಹೇಳುವುದು ಒಂದು ಮೆಟ್ಟಿಲಿನ ಕಥೆ. 2020ರಲ್ಲಿ ಸ್ವಚ್ಛ ಭಾರತ್ ಮಿಷನ್‌ನ ಎರಡನೆಯ ಹಂತ ಬಂದಾಗ ಸರ್ಕಾರವೇ ಅದರ ಮೇಲೆ ಇನ್ನೂ ಮೆಟ್ಟಿಲು ಇಟ್ಟಿತು. ಘನ ತ್ಯಾಜ್ಯ, ದ್ರವ ತ್ಯಾಜ್ಯ ಎರಡನ್ನೂ ಸರಿಯಾಗಿ ನಿಭಾಯಿಸಿ, ಕಣ್ಣಿಗೆ ಕಾಣುವ ಸ್ವಚ್ಛತೆಯನ್ನೂ ಉಳಿಸಿಕೊಂಡ ಹಳ್ಳಿಯನ್ನು ಮಾದರಿ ಎಂದು ಕರೆಯಿತು. ಹಣವೂ ಬಂತು. 15ನೆಯ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಪಂಚಾಯತ್‌ಗಳಿಗೆ ಕೊಟ್ಟ ಅನುದಾನದಲ್ಲಿ 100ಕ್ಕೆ 60 ಪಾಲನ್ನು ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಟ್ಟಿತ್ತು. ತೊಂದರೆ ಇದೆ ಎಂದು ಬರೆದು ತೋರಿಸಿದ ಊರಿಗೆ ಕ್ರಿಯಾ ಯೋಜನೆಯಲ್ಲಿ ಜಾಗ ಸಿಗುತ್ತದೆ. ಎಲ್ಲ ಸರಿ ಇದೆ ಎಂದು 100 ಅಂಕ ಹಾಕಿಕೊಂಡ ಊರಿಗೆ ಯಾರು ಯಾಕೆ ಹಣ ಕೊಡುತ್ತಾರೆ? ನನ್ನ ಮಟ್ಟಿಗೆ, ಸತ್ಯವಾದ 60 ಅಂಕ ಸುಳ್ಳು 100ಕ್ಕಿಂತ ಬೆಲೆಯುಳ್ಳದ್ದು.

ಒಂದು ಎಚ್ಚರಿಕೆ ಮಾತ್ರ ಬೇಕು. ಪುಸ್ತಕದಲ್ಲಿ ಮನೆಯವರ ಹೆಸರು ಬೇಡ, ನಂಬರ್ ಸಾಕು. ಯಾರ ಮನೆಯ ಕಕ್ಕಸು ಹೇಗಿದೆ ಎಂದು ಸಂತೆಯಲ್ಲಿ ಮಾತಾಡಲು ಇದು ಇರುವುದಲ್ಲ. ಒಂದು ಮನೆಯವರು ಹೇಳಲು ಇಷ್ಟಪಡದಿದ್ದರೆ ಒತ್ತಾಯ ಮಾಡಬೇಡಿ, ಇನ್ನೊಮ್ಮೆ ಹೋಗಿ. ಹಿಂದೆ ಕೆಲವು ಕಡೆ ಬಯಲಿಗೆ ಹೋಗುವವರನ್ನು ಸೀಟಿ ಊದಿ, ಫೋಟೋ ತೆಗೆದು ಅವಮಾನ ಮಾಡಿದ್ದುಂಟು. ಅವಮಾನ ಮಾಡಿ ಯಾರನ್ನೂ ಆರೋಗ್ಯವಂತರನ್ನಾಗಿ ಮಾಡಲು ಸಾಧ್ಯವಿಲ್ಲ.

ಮೇ ತಿಂಗಳ ಮೊದಲು ಪುಸ್ತಕಗಳು ತುಂಬಿದರೆ, ನಾವೆಲ್ಲ ಕೂತು ವಾರ್ಡುವಾರು ಕೂಡಿಸಿ ಒಂದು ಹಾಳೆ ಮಾಡುತ್ತೇವೆ. ನಮ್ಮ ಪಂಚಾಯತ್ ರಾಜ್ ಕಾನೂನಿನ ಪ್ರಕಾರ 6 ತಿಂಗಳಿಗೆ ಒಮ್ಮೆಯಾದರೂ ಗ್ರಾಮ ಸಭೆ ಆಗಬೇಕು, ಅದಕ್ಕೆ ಮೊದಲು ವಾರ್ಡು ಸಭೆ ಆಗಬೇಕು. ಆ ಹಾಳೆಯನ್ನು ಮೊದಲು ವಾರ್ಡು ಸಭೆಯಲ್ಲಿ, ಆಮೇಲೆ ಗ್ರಾಮ ಸಭೆಯಲ್ಲಿ ಪಿಡಿಒ ಅವರ ಕೈಗೆ ಕೊಟ್ಟು ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಬಾಯಿಯಲ್ಲಿ ಹೇಳಿ ಬಂದರೆ ಉಳಿಯುವುದಿಲ್ಲ. ಇಷ್ಟು ಮನೆಗೆ ಎರಡನೆಯ ಗುಂಡಿ ಬೇಕು, ಇಷ್ಟು ಮನೆಗೆ ಬಚ್ಚಲು ಗುಂಡಿ ಬೇಕು, ಇಷ್ಟು ಬಾವಿಗೆ ಕಟ್ಟೆ ಎತ್ತರಿಸಬೇಕು, ತಾಲ್ಲೂಕಿಗೆ ಒಂದು ಸಕ್ಕಿಂಗ್ ಗಾಡಿ ಮತ್ತು ಘಟಕದ ವ್ಯವಸ್ಥೆ ಬೇಕು ಎಂದು ಸಂಖ್ಯೆಯ ಸಮೇತ ಕೇಳಬೇಕು.

ದಿಲ್ಲಿಯಲ್ಲಿ, ಜಿನೀವಾದಲ್ಲಿ ಕೂತು ಲೆಕ್ಕ ಹಾಕುವವರಿಗೆ ಕೊಲ್ಲಮೊಗ್ರು ಎಲ್ಲಿದೆ ಎಂದು ಗೊತ್ತಿರಲಿಕ್ಕಿಲ್ಲ. ಆದರೆ ಅವರ ಲೆಕ್ಕ ಸತ್ಯವಾಗಬೇಕಾದರೆ ಕೆಳಗಿನಿಂದ ಸತ್ಯ ಹೋಗಬೇಕು. ಒಂದೊಂದು ಸಂಘದ ಇಬ್ಬರಂತೆ ಈಗಲೇ ಮುಂದೆ ಬಂದು ಪುಸ್ತಕ ಮತ್ತು ಪರೀಕ್ಷೆಯ ಬಾಟಲಿಗಳನ್ನು ತೆಗೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಬರೆಯಲು ಕಷ್ಟ ಆಗುವವರಿಗೆ ಹೈಸ್ಕೂಲಿಗೆ ಹೋಗುವ ಮಕ್ಕಳ ಸಹಾಯ ಇರಲಿ, ಅವರಿಗೂ ಇದು ಒಂದು ಪಾಠ.